ಸಿಟಿಎಕ್ಸ್ 0.49 ಬಂದಿದೆ, ವರದಿಯಲ್ಲಿ ‘ನಾರ್ಮಲ್’ ಎಂದಿದೆ: ಅಮ್ಮನ ಮೂಳೆ ಸವೆತ ನಿಂತಿದೆ ಎಂದು ಅರ್ಥವೇ?

ಪ್ರಶ್ನೆ ಕೇಳಿದ ಮಗಳು:
ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ ಈಗ 64 ವರ್ಷ. ಮುಟ್ಟು ನಿಂತು ಹದಿನಾಲ್ಕು ವರ್ಷಗಳಾಗಿವೆ. ಐದು ತಿಂಗಳ ಹಿಂದೆ ಅವರು ಮನೆಯೊಳಗೇ ಕಾಲು ಜಾರಿ, ಅಂಗೈ ಊರಿ ಬಿದ್ದು, ಬಲ ಮಣಿಕಟ್ಟಿನ ಮೂಳೆ ಮುರಿದುಕೊಂಡರು. ಅಷ್ಟು ಸಣ್ಣ ಪೆಟ್ಟಿಗೆ ಮೂಳೆ ಮುರಿಯಬಾರದಿತ್ತು ಎಂದು ವೈದ್ಯರು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರು. ಬೆನ್ನುಮೂಳೆಯ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಸಾಂದ್ರತೆಗೆ ಹೋಲಿಸಿ ಕೊಡುವ ಅಂಕ) −2.8 ಬಂತು. ಔಷಧಿ ಆರಂಭಿಸುವ ಮೊದಲು, ಮೂಳೆ ಎಷ್ಟು ವೇಗವಾಗಿ ಕರಗುತ್ತಿದೆ ಎಂದು ತೋರಿಸುವ ಸಿಟಿಎಕ್ಸ್ ಎಂಬ ರಕ್ತಪರೀಕ್ಷೆ ಮಾಡಿಸಿದಾಗ ಪ್ರತಿ ಮಿಲಿಲೀಟರಿಗೆ 0.68 ನ್ಯಾನೊಗ್ರಾಂ ಇತ್ತು. ಮೂಳೆ ಕರಗುವುದನ್ನು ತಗ್ಗಿಸುವ ಅಲೆಂಡ್ರೊನೇಟ್ ಮಾತ್ರೆಯನ್ನು ವಾರಕ್ಕೊಂದರಂತೆ ಮೂರು ತಿಂಗಳು ತೆಗೆದುಕೊಂಡ ಮೇಲೆ ಮೊನ್ನೆ ಅದೇ ಪರೀಕ್ಷೆಯನ್ನು ಮತ್ತೆ ಮಾಡಿಸಿದೆವು, 0.49 ಬಂದಿದೆ. ಋತುಬಂಧದ ನಂತರದ ಮಹಿಳೆಯರಿಗೆ 1.008ರವರೆಗೆ ಸಾಮಾನ್ಯವೆಂದು ವರದಿಯ ಪಕ್ಕದ ಕಾಲಮ್ಮಿನಲ್ಲಿ ಅಚ್ಚಾಗಿದೆ. ಅದನ್ನು ನೋಡಿದ ನಮ್ಮ ಸೋದರಮಾವ, ಎಲ್ಲವೂ ಸರಿಯಿದೆ, ಇನ್ನು ಮಾತ್ರೆ ಏಕೆ ಎನ್ನುತ್ತಿದ್ದಾರೆ. ಅಮ್ಮನಿಗೂ ಮಾತ್ರೆ ಬಿಡುವ ಆಸೆಯಿದೆ. ವೈದ್ಯರನ್ನು ಕಾಣಲು ಇನ್ನೂ ಎರಡು ವಾರವಿದೆ. ಅಷ್ಟರಲ್ಲಿ ಈ ಸಂಖ್ಯೆ ಏನು ಹೇಳುತ್ತಿದೆ ಎಂಬುದನ್ನು ನಾನು ಅರ್ಥ ಮಾಡಿಕೊಳ್ಳಬೇಕಾಗಿದೆ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಪ್ರಯೋಗಾಲಯದ ತಂತ್ರಜ್ಞೆ:
ಮೊದಲು ನನಗೆ ಒಂದು ವಿಷಯ ತಿಳಿಯಬೇಕು. ಎರಡು ಬಾರಿಯೂ ರಕ್ತ ಕೊಟ್ಟದ್ದು ಎಷ್ಟು ಗಂಟೆಗೆ, ಖಾಲಿ ಹೊಟ್ಟೆಯಲ್ಲೋ ಊಟದ ನಂತರವೋ? ಇದನ್ನು ಕೇಳದೆ 0.68 ಮತ್ತು 0.49 ಎಂಬ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಬರುವುದಿಲ್ಲ.

ಸಿಟಿಎಕ್ಸ್ ದಿನವಿಡೀ ಒಂದೇ ಮಟ್ಟದಲ್ಲಿ ಇರುವ ವಸ್ತುವಲ್ಲ. ನಾವು ಮಲಗಿರುವಾಗ ಏರುತ್ತಾ ಹೋಗಿ ಬೆಳಗಿನ ಜಾವಕ್ಕೆ ಗರಿಷ್ಠ ಮಟ್ಟ ತಲುಪುತ್ತದೆ, ಮಧ್ಯಾಹ್ನದ ಹೊತ್ತಿಗೆ ತಳ ಮುಟ್ಟುತ್ತದೆ. ಇದರ ಮೇಲೆ ಊಟದ ಪರಿಣಾಮವೂ ಸೇರುತ್ತದೆ. ಆಹಾರ ಕರುಳಿಗೆ ಇಳಿದಾಗ ಹೊರಡುವ ಜಿಎಲ್‌ಪಿ-2 ಮುಂತಾದ ಹಾರ್ಮೋನುಗಳು ಮೂಳೆ ಕರಗುವ ಕೆಲಸವನ್ನು ಸ್ವಲ್ಪ ಹೊತ್ತು ತಗ್ಗಿಸುತ್ತವೆ, ಅದರಿಂದ ರಕ್ತದಲ್ಲಿ ಸಿಟಿಎಕ್ಸ್ ಇಳಿಯುತ್ತದೆ. ಅದಕ್ಕಾಗಿಯೇ ರಾತ್ರಿಯಿಡೀ ಉಪವಾಸವಿದ್ದು ಬೆಳಿಗ್ಗೆ ಹತ್ತರೊಳಗೆ ರಕ್ತ ಕೊಡಬೇಕು, ಮುಂದಿನ ಪ್ರತಿ ಬಾರಿಯೂ ಅದೇ ಹೊತ್ತಿಗೆ ಕೊಡಬೇಕು ಎಂದು ನಾವು ಹೇಳುವುದು. ಎಷ್ಟೋ ಕಡೆ ಇದನ್ನು ಹೇಳುವುದೇ ಇಲ್ಲ. ರೋಗಿ ತನಗೆ ಬಿಡುವಾದಾಗ ಬರುತ್ತಾರೆ, ಮಾದರಿ ಸ್ವೀಕಾರವಾಗುತ್ತದೆ, ಸಂಖ್ಯೆ ಅಚ್ಚಾಗುತ್ತದೆ. ಯಂತ್ರ ತಪ್ಪು ಮಾಡಿರುವುದಿಲ್ಲ, ಆದರೂ ಆ ವರದಿ ರೋಗಿಯನ್ನು ದಾರಿ ತಪ್ಪಿಸುತ್ತದೆ. ಇದು ನನ್ನನ್ನು ಬಹಳ ಕಾಡುವ ವಿಷಯವಾದ್ದರಿಂದ ಇಷ್ಟು ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಇನ್ನೆರಡು ಸಂಗತಿಗಳನ್ನೂ ಪರಿಶೀಲಿಸಿ. ಎರಡೂ ಪರೀಕ್ಷೆಗಳು ಒಂದೇ ಪ್ರಯೋಗಾಲಯದಲ್ಲಿ, ಒಂದೇ ಕಂಪನಿಯ ಕಿಟ್‌ನಲ್ಲಿ ಆಗಿವೆಯೇ? ಬೇರೆ ಬೇರೆ ಕಿಟ್‌ಗಳು ಒಂದೇ ರಕ್ತಕ್ಕೆ ಬೇರೆ ಬೇರೆ ಸಂಖ್ಯೆ ಕೊಡುತ್ತವೆ. ಎರಡನೆಯದಾಗಿ, ಕೂದಲು ಮತ್ತು ಉಗುರಿಗೆಂದು ಮಾರುವ ಬಯೋಟಿನ್ ಮಾತ್ರೆಯನ್ನು ತಾಯಿಯವರು ತೆಗೆದುಕೊಳ್ಳುತ್ತಿದ್ದಾರೆಯೇ? ಬಯೋಟಿನ್‌ಗೆ ಅಂಟಿಕೊಳ್ಳುವ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನಿನ ಆಧಾರದ ಮೇಲೆ ನಡೆಯುವ ಪರೀಕ್ಷಾ ವಿಧಾನಗಳಲ್ಲಿ, ರಕ್ತದಲ್ಲಿ ಹೆಚ್ಚು ಬಯೋಟಿನ್ ಇದ್ದರೆ ಸಿಟಿಎಕ್ಸ್ ಇರುವುದಕ್ಕಿಂತ ಕಡಿಮೆ ಎಂದು ತೋರಬಹುದು.

ಪ್ರಶ್ನೆ ಕೇಳಿದ ಮಗಳು:
ಮೇಡಂ, ನೀವು ಕೇಳಿದ್ದು ಒಳ್ಳೆಯದಾಯಿತು. ಮೊದಲನೆಯದು ಬೆಳಿಗ್ಗೆ ಎಂಟಕ್ಕೆ, ಖಾಲಿ ಹೊಟ್ಟೆಯಲ್ಲಿ. ಎರಡನೆಯದನ್ನು ನನ್ನ ಕೆಲಸ ಮುಗಿಸಿಕೊಂಡು ಅಮ್ಮನನ್ನು ಕರೆದೊಯ್ದು, ಊಟವಾದ ಮೇಲೆ ಮಧ್ಯಾಹ್ನ ಮೂರರ ಸುಮಾರಿಗೆ ಕೊಟ್ಟಿದ್ದೆವು. ಅಲ್ಲಿ ಯಾರೂ ಬೇಡವೆನ್ನಲಿಲ್ಲ. ಪ್ರಯೋಗಾಲಯ ಒಂದೇ. ಬಯೋಟಿನ್ ತೆಗೆದುಕೊಳ್ಳುತ್ತಿಲ್ಲ.

ಅಂತಃಸ್ರಾವ ತಜ್ಞ:
ಹಾಗಿದ್ದರೆ ಆ 0.49ನ್ನು ಬದಿಗಿಡಿ. ಆ ಇಳಿಕೆಯಲ್ಲಿ ಔಷಧಿಯ ಪಾಲೆಷ್ಟು, ಊಟ ಮತ್ತು ಮಧ್ಯಾಹ್ನದ ಪಾಲೆಷ್ಟು ಎಂದು ಬೇರ್ಪಡಿಸಲು ಸಾಧ್ಯವಿಲ್ಲ. ಆದರೆ ಮತ್ತೆ ಪರೀಕ್ಷೆ ಮಾಡಿಸುವ ಮೊದಲು ಈ ಸೂಚಕ ಏನನ್ನು ಅಳೆಯುತ್ತದೆ ಎಂಬುದು ನಿಮಗೆ ಸ್ಪಷ್ಟವಾದರೆ, ಸೋದರಮಾವನವರಿಗೂ ಉತ್ತರ ಹೇಳಬಹುದು.

ಮೂಳೆ ಎಂದರೆ ಒಮ್ಮೆ ಕಟ್ಟಿ ಬಿಟ್ಟ ಗೋಡೆಯಲ್ಲ, ಅಲ್ಲಿ ದುರಸ್ತಿ ಸದಾ ನಡೆದೇ ಇರುತ್ತದೆ. ಆಸ್ಟಿಯೋಕ್ಲಾಸ್ಟ್ ಎಂಬ ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸಿ ಸಣ್ಣ ಗುಳಿ ತೋಡುತ್ತವೆ, ಅವುಗಳ ಹಿಂದೆ ಬರುವ ಆಸ್ಟಿಯೋಬ್ಲಾಸ್ಟ್‌ಗಳು ಆ ಗುಳಿಯನ್ನು ಹೊಸ ಮೂಳೆಯಿಂದ ತುಂಬುತ್ತವೆ. ವಯಸ್ಕರ ಅಸ್ಥಿಪಂಜರದ ಸುಮಾರು ಹತ್ತನೇ ಒಂದು ಭಾಗ ಪ್ರತಿ ವರ್ಷ ಹೀಗೆ ಹೊಸದಾಗುತ್ತದೆ. ತೋಡುವುದು ಕೆಲವೇ ವಾರಗಳ ಕೆಲಸ, ತುಂಬಲು ಮೂರು ನಾಲ್ಕು ತಿಂಗಳು ಬೇಕು. ಮುಟ್ಟು ನಿಂತು ಈಸ್ಟ್ರೊಜನ್ ಇಳಿದಾಗ ಏಕಕಾಲದಲ್ಲಿ ತೋಡಲ್ಪಡುವ ಜಾಗಗಳು ಹೆಚ್ಚುತ್ತವೆ, ತುಂಬುವವರು ಹಿಂದೆ ಬೀಳುತ್ತಾರೆ, ಪ್ರತಿ ಗುಳಿಯಲ್ಲೂ ಒಂದಿಷ್ಟು ಕೊರತೆ ಉಳಿಯುತ್ತದೆ. ಮೂಳೆ ಸವೆತ, ಅಂದರೆ ಆಸ್ಟಿಯೋಪೊರೋಸಿಸ್, ಎಂದರೆ ವರ್ಷಗಟ್ಟಲೆ ಕೂಡಿಬಂದ ಈ ಕೊರತೆಯೇ.

ಮೂಳೆಯ ಸಾವಯವ ಭಾಗದಲ್ಲಿ ಶೇ. 90ರಷ್ಟು ಇರುವುದು ಒಂದನೇ ಬಗೆಯ ಕೊಲಾಜನ್ ಎಂಬ ನಾರು. ಆಸ್ಟಿಯೋಕ್ಲಾಸ್ಟ್‌ಗಳು ಕೆಥೆಪ್ಸಿನ್-ಕೆ ಎಂಬ ಕಿಣ್ವದಿಂದ ಈ ನಾರನ್ನು ಕತ್ತರಿಸಿದಾಗ ಅದರ ತುದಿಯ ಚೂರುಗಳು ರಕ್ತಕ್ಕೆ ಸೇರುತ್ತವೆ. ಸಿಟಿಎಕ್ಸ್ ಅಂಥದೊಂದು ಚೂರು, ಗೋಡೆ ಕೆಡವಿದ ಜಾಗದಲ್ಲಿ ಬಿದ್ದ ಇಟ್ಟಿಗೆ ಚೂರಿನಂತೆ. ಇದರ ಜೊತೆಗಾರ ಪಿ1ಎನ್‌ಪಿ, ಕಟ್ಟುವ ಕೆಲಸದ ಗುರುತು. ಆಸ್ಟಿಯೋಬ್ಲಾಸ್ಟ್ ಹೊಸ ಕೊಲಾಜನ್ ಹೊರಬಿಟ್ಟಾಗ ಅದರ ಎರಡೂ ತುದಿಗಳಲ್ಲಿ ಹೆಚ್ಚುವರಿ ಭಾಗಗಳಿರುತ್ತವೆ, ನಾರು ಹೆಣೆದುಕೊಳ್ಳುವ ಮೊದಲು ಅವನ್ನು ಕತ್ತರಿಸಿ ಹಾಕಲಾಗುತ್ತದೆ. ಕಾಂಕ್ರೀಟ್ ಕೂತ ಮೇಲೆ ಬಿಚ್ಚಿ ಎಸೆಯುವ ಸೆಂಟ್ರಿಂಗ್ ಹಲಗೆಗಳನ್ನು ಎಣಿಸಿ ಎಷ್ಟು ತಾರಸಿ ಹಾಕಿದ್ದಾರೆ ಎಂದು ಲೆಕ್ಕ ಹಾಕಿದಂತೆ, ಪಿ1ಎನ್‌ಪಿ ಎಣಿಸಿ ಎಷ್ಟು ಹೊಸ ಮೂಳೆ ಕಟ್ಟಲಾಗುತ್ತಿದೆ ಎಂದು ತಿಳಿಯುತ್ತೇವೆ. ಮೂಳೆಯ ಆಲ್ಕಲೈನ್ ಫಾಸ್ಫಟೇಸ್, ಆಸ್ಟಿಯೋಕ್ಯಾಲ್ಸಿನ್, ಮೂತ್ರದ ಎನ್‌ಟಿಎಕ್ಸ್, ಡಿಆಕ್ಸಿಪಿರಿಡಿನೊಲಿನ್ ಮೊದಲಾದವೂ ಸೂಚಕಗಳೇ. ಆದರೆ 2011ರಲ್ಲಿ ಅಂತರರಾಷ್ಟ್ರೀಯ ಆಸ್ಟಿಯೋಪೊರೋಸಿಸ್ ಪ್ರತಿಷ್ಠಾನ ಮತ್ತು ಕ್ಲಿನಿಕಲ್ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ಸೇರಿ, ಕರಗುವಿಕೆಗೆ ರಕ್ತದ ಸಿಟಿಎಕ್ಸ್ ಮತ್ತು ಕಟ್ಟುವಿಕೆಗೆ ರಕ್ತದ ಪಿ1ಎನ್‌ಪಿ ಎಂದು ಎರಡನ್ನು ಆಧಾರ ಸೂಚಕಗಳಾಗಿ ಶಿಫಾರಸು ಮಾಡಿದವು. ಪಿ1ಎನ್‌ಪಿಗೆ ಊಟದ ಅಥವಾ ಹೊತ್ತಿನ ಪರಿಣಾಮ ತೀರಾ ಕಡಿಮೆ ಎಂಬುದು ಅದರ ದೊಡ್ಡ ಅನುಕೂಲ.

ಈಗ ‘ನಾರ್ಮಲ್’ ಎಂಬ ಪದಕ್ಕೆ ಬರೋಣ. ಆಸ್ಟಿಯೋಪೊರೋಸಿಸ್ ಇದೆಯೋ ಇಲ್ಲವೋ ಎಂಬುದನ್ನು ಈ ಸೂಚಕಗಳು ನಿರ್ಧರಿಸುವುದಿಲ್ಲ. ಅದನ್ನು ನಿರ್ಧರಿಸುವುದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೊತ್ತುಪಡಿಸಿದ −2.5 ಎಂಬ ಟಿ-ಸ್ಕೋರ್ ಗಡಿ ಮತ್ತು ನಿಮ್ಮ ತಾಯಿಗಾದಂಥ ಮೂಳೆ ಮುರಿತ. ಸೂಚಕ ಹೇಳುವುದು ಈ ಹೊತ್ತಿನ ವೇಗವನ್ನು ಮಾತ್ರ. ವರದಿಯಲ್ಲಿ ಅಚ್ಚಾದ 1.008 ಎಂಬ ಮಿತಿ ಬಂದದ್ದು ಋತುಬಂಧವಾದ ಮಹಿಳೆಯರ ಗುಂಪಿನಿಂದ, ಎಂದರೆ ಮೂಳೆ ಬೇಗ ಬೇಗ ಕರಗುತ್ತಿರುವವರ ಗುಂಪಿನಿಂದಲೇ. ಆ ಗುಂಪಿನೊಳಗೆ ಸಾಮಾನ್ಯ ಎನಿಸಿಕೊಳ್ಳುವುದು ಸಮಾಧಾನದ ವಿಷಯವಲ್ಲ. ಅಲೆಂಡ್ರೊನೇಟ್‌ನಂಥ ಔಷಧಿ ತೆಗೆದುಕೊಳ್ಳುವವರಲ್ಲಿ ನಾವು ನೋಡುವ ಗುರಿ ಋತುಬಂಧಕ್ಕೆ ಮುಂಚಿನ ಆರೋಗ್ಯವಂತ ಮಹಿಳೆಯರ ಸರಾಸರಿಗಿಂತ ಕೆಳಗೆ ಇಳಿಯುವುದು, ಸಿಟಿಎಕ್ಸ್‌ಗೆ ಸುಮಾರು 0.28, ಪಿ1ಎನ್‌ಪಿಗೆ ಪ್ರತಿ ಲೀಟರಿಗೆ ಸುಮಾರು 35 ಮೈಕ್ರೊಗ್ರಾಂ. ತೋಡುವುದು ತಗ್ಗಿದಾಗ ಅದರ ಹಿಂದೆ ಬರುವ ತುಂಬುವ ಕೆಲಸವೂ ತಗ್ಗುವುದರಿಂದ ಪಿ1ಎನ್‌ಪಿಯೂ ಇಳಿಯುತ್ತದೆ.

ಇನ್ನೊಂದು ಮಾತು. ಯಾವ ಔಷಧಿಯೂ ಇಲ್ಲದೆ ಒಬ್ಬರನ್ನೇ ಎರಡು ದಿನ ಪರೀಕ್ಷಿಸಿದರೂ ಸಂಖ್ಯೆ ಸ್ವಲ್ಪ ಅತ್ತಿತ್ತ ಆಗುತ್ತದೆ. ಅದನ್ನು ಮೀರಿದ ಬದಲಾವಣೆಯನ್ನಷ್ಟೇ ನಿಜವೆಂದು ಎಣಿಸಬೇಕು. ಬಾಯಿಯ ಮೂಲಕ ತೆಗೆದುಕೊಳ್ಳುವ ಬಿಸ್ಫಾಸ್ಫೊನೇಟ್‌ಗಳ (ಅಲೆಂಡ್ರೊನೇಟ್ ಸೇರಿದ ಔಷಧಿಗಳ ಗುಂಪು) ಕುರಿತ ಟ್ರಯೋ ಅಧ್ಯಯನದಲ್ಲಿ ಈ ಗಡಿ ಪಿ1ಎನ್‌ಪಿಗೆ ಶೇ. 38, ಸಿಟಿಎಕ್ಸ್‌ಗೆ ಶೇ. 56 ಎಂದು ಬಂತು. ನಿಮ್ಮ 0.68ರಿಂದ 0.49ಕ್ಕೆ ಆದದ್ದು ಶೇ. 28ರಷ್ಟು ಇಳಿಕೆ. ಊಟದ ವಿಷಯ ಬಿಟ್ಟರೂ ಅದು ಸಾಲದು. ಬೆಳಿಗ್ಗೆ ಉಪವಾಸದಲ್ಲಿ ಸಿಟಿಎಕ್ಸ್ ಮತ್ತು ಪಿ1ಎನ್‌ಪಿ ಎರಡನ್ನೂ ಮಾಡಿಸಿಕೊಂಡು ನಿಮ್ಮ ವೈದ್ಯರನ್ನು ಕಾಣಿ. ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಬೇಡಿ.

ನಿವೃತ್ತ ವಿಜ್ಞಾನ ಶಿಕ್ಷಕ:
ಡಾಕ್ಟರೇ, ನನ್ನದು ಸಣ್ಣ ಸಂದೇಹ. ನನ್ನ ಪತ್ನಿಯ ರಕ್ತದಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ, ಆಲ್ಕಲೈನ್ ಫಾಸ್ಫಟೇಸ್ ಕೂಡ ಸರಿಯಾಗಿದೆ. ಹಾಗಿದ್ದರೆ ಮೂಳೆ ಗಟ್ಟಿಯಾಗಿದೆ ಎಂದುಕೊಳ್ಳಬಹುದಲ್ಲವೇ?

ಅಂತಃಸ್ರಾವ ತಜ್ಞ:
ಹಾಗೆಂದುಕೊಳ್ಳಬಾರದು, ಸರ್. ದೇಹ ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಬಹಳ ಬಿಗಿಯಾಗಿ ಕಾಯುತ್ತದೆ. ಅಗತ್ಯ ಬಿದ್ದರೆ ಮೂಳೆಯಿಂದಲೇ ತೆಗೆದು ರಕ್ತಕ್ಕೆ ಕೊಡುತ್ತದೆ. ಆದ್ದರಿಂದ ಆಸ್ಟಿಯೋಪೊರೋಸಿಸ್ ಇದ್ದವರಲ್ಲೂ ರಕ್ತದ ಕ್ಯಾಲ್ಸಿಯಂ ಸಾಮಾನ್ಯವಾಗಿಯೇ ಇರುತ್ತದೆ. ಒಟ್ಟು ಆಲ್ಕಲೈನ್ ಫಾಸ್ಫಟೇಸ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಯಕೃತ್ತಿನದು, ಅರ್ಧ ಮೂಳೆಯದು. ಈ ಪರೀಕ್ಷೆಗಳನ್ನು ನಾವು ಮಾಡಿಸುವುದು ಪ್ಯಾರಾಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆ, ವಿಟಮಿನ್ ಡಿ ಕೊರತೆ ಮುಂತಾದ ಬೇರೆ ಕಾರಣಗಳನ್ನು ಹುಡುಕಲು.

ಡಯಾಲಿಸಿಸ್ ರೋಗಿಯ ಪತಿ:
ನನ್ನ ಹೆಂಡತಿಗೆ ಎರಡು ವರ್ಷಗಳಿಂದ ಡಯಾಲಿಸಿಸ್ ನಡೆಯುತ್ತಿದೆ. ಆಕೆಯ ಸಿಟಿಎಕ್ಸ್ 2.9 ಬಂದಿದೆ. ಈ ಚರ್ಚೆ ಓದಿದ ಮೇಲೆ ಭಯವಾಗಿದೆ.

ಪ್ರಯೋಗಾಲಯದ ತಂತ್ರಜ್ಞೆ:
ಗಾಬರಿಯಾಗಬೇಡಿ. ಸಿಟಿಎಕ್ಸ್ ಚೂರುಗಳು ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ. ಆ ದಾರಿ ಮುಚ್ಚಿಕೊಂಡಾಗ ಅವು ರಕ್ತದಲ್ಲೇ ಶೇಖರವಾಗುತ್ತವೆ. ಆದ್ದರಿಂದ ಆ ಸಂಖ್ಯೆಯಲ್ಲಿ ಎಷ್ಟು ಭಾಗ ಮೂಳೆಯದು, ಎಷ್ಟು ಭಾಗ ಮೂತ್ರಪಿಂಡದ್ದು ಎಂದು ಹೇಳಲಾಗದು. ಮೂತ್ರಪಿಂಡ ಸೋತವರಲ್ಲಿ ಮೂಳೆಯ ಆಲ್ಕಲೈನ್ ಫಾಸ್ಫಟೇಸ್ ಮತ್ತು ಆಸ್ಟಿಯೋಕ್ಲಾಸ್ಟ್‌ಗಳೇ ಹೊರಬಿಡುವ ಟ್ರ್ಯಾಪ್-5ಬಿ ಎಂಬ ಕಿಣ್ವ ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಅವು ಮೂತ್ರಪಿಂಡವನ್ನು ಅವಲಂಬಿಸಿಲ್ಲ. ಪಿ1ಎನ್‌ಪಿ ಬೇಕಿದ್ದರೆ, ಒಡೆದ ತುಣುಕುಗಳನ್ನು ಬಿಟ್ಟು ಇಡಿಯಾದ ರೂಪವನ್ನಷ್ಟೇ ಅಳೆಯುವ ಕಿಟ್ ಬಳಸಬೇಕು. ಮೂತ್ರಪಿಂಡ ತಜ್ಞರನ್ನು ಪ್ಯಾರಾಥೈರಾಯ್ಡ್ ಹಾರ್ಮೋನ್ ಮಟ್ಟದ ಜೊತೆಗೆ ಇವುಗಳ ಬಗ್ಗೆಯೂ ಕೇಳಿ.

ಡೆನೊಸುಮ್ಯಾಬ್ ಬಿಟ್ಟವರು:
ನನ್ನ ಅನುಭವವನ್ನು ಇಲ್ಲಿ ಬರೆಯಲೇಬೇಕೆನಿಸಿತು. ನಾನು ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೆ. ಮೂರು ವರ್ಷಗಳಾದ ಮೇಲೆ ಸಿಟಿಎಕ್ಸ್ ಬಹಳ ಕಡಿಮೆ ಬಂತು, ಡೆಕ್ಸಾದಲ್ಲೂ ಸುಧಾರಣೆ ಕಂಡಿತು. ಇಷ್ಟು ಚೆನ್ನಾಗಿರುವಾಗ ಮುಂದಿನ ಇಂಜೆಕ್ಷನ್ ಯಾಕೆಂದು ಯಾರನ್ನೂ ಕೇಳದೆ ಬಿಟ್ಟೆ. ಹತ್ತನೆಯ ತಿಂಗಳಲ್ಲಿ ಬಗ್ಗಿ ಬಕೆಟ್ ಎತ್ತುವಾಗ ಬೆನ್ನಿನಲ್ಲಿ ಚಳಕ್ ಎಂದಿತು. ಎಕ್ಸ್‌ರೇಯಲ್ಲಿ ಎರಡು ಬೆನ್ನೆಲುಬುಗಳು ಕುಸಿದಿದ್ದವು. ಆಗ ನೋಡಿದ ಸಿಟಿಎಕ್ಸ್, ಚಿಕಿತ್ಸೆಗೆ ಮುಂಚೆ ಇದ್ದುದಕ್ಕಿಂತಲೂ ಹೆಚ್ಚಾಗಿತ್ತು. ದಯವಿಟ್ಟು ಒಳ್ಳೆಯ ಸಂಖ್ಯೆ ನೋಡಿ ಔಷಧಿ ಬಿಡಬೇಡಿ.

ಅಂತಃಸ್ರಾವ ತಜ್ಞ:
ತಾವು ಇದನ್ನು ಹಂಚಿಕೊಂಡದ್ದಕ್ಕೆ ಮನಃಪೂರ್ವಕ ಧನ್ಯವಾದ. ಡೆನೊಸುಮ್ಯಾಬ್ ಮಾಡುವುದು ಆಸ್ಟಿಯೋಕ್ಲಾಸ್ಟ್‌ಗಳು ಬೆಳೆಯಲು ಬೇಕಾದ ರ‍್ಯಾಂಕ್-ಎಲ್ ಎಂಬ ಸಂಕೇತವನ್ನು ತಡೆಯುವ ಕೆಲಸ. ಇಂಜೆಕ್ಷನ್ ಆದ ಕೆಲವೇ ದಿನಗಳಲ್ಲಿ ಸಿಟಿಎಕ್ಸ್ ಕುಸಿಯುತ್ತದೆ. ಆದರೆ ಈ ಔಷಧಿ ಅಲೆಂಡ್ರೊನೇಟ್‌ನಂತೆ ಮೂಳೆಯೊಳಗೆ ಕೂತು ವರ್ಷಗಟ್ಟಲೆ ಉಳಿಯುವುದಿಲ್ಲ. ಅದರ ಪ್ರಭಾವ ಮುಗಿದೊಡನೆ ತಡೆದು ನಿಲ್ಲಿಸಿದ್ದ ಕರಗುವಿಕೆ ಒಮ್ಮೆಲೇ ನುಗ್ಗಿಬರುತ್ತದೆ. ಕೆಲವರಲ್ಲಿ ಆಗ ಒಂದಕ್ಕಿಂತ ಹೆಚ್ಚು ಬೆನ್ನೆಲುಬುಗಳು ಮುರಿಯುತ್ತವೆ. ಇದನ್ನು ನಿಲ್ಲಿಸಲೇಬೇಕಾದ ಸಂದರ್ಭದಲ್ಲಿ ಜೊಲೆಡ್ರೊನಿಕ್ ಆಮ್ಲದಂಥ ಮತ್ತೊಂದು ಔಷಧಿಯಿಂದ ಮುಂದುವರಿಸಬೇಕು, ಸಿಟಿಎಕ್ಸ್ ಮೇಲೇಳುತ್ತಿದೆಯೇ ಎಂದು ಮೊದಲ ವರ್ಷವಿಡೀ ನೋಡುತ್ತಿರಬೇಕು. ಸೂಚಕದ ನಿಜವಾದ ಬೆಲೆ ಕಾಣುವುದು ಇಂಥ ಕಡೆಯೇ, ಏಕೆಂದರೆ ಡೆಕ್ಸಾ ಸ್ಕ್ಯಾನಿನಲ್ಲಿ ಬದಲಾವಣೆ ಕಾಣಿಸಲು ಒಂದೆರಡು ವರ್ಷ ಹಿಡಿಯುತ್ತದೆ, ಅಷ್ಟು ಕಾಯುವ ವ್ಯವಧಾನ ಇಲ್ಲಿಲ್ಲ.

ಹಾಗೆಂದು ಎಲ್ಲ ಔಷಧಿಗಳಿಗೂ ಸೂಚಕ ಇಳಿಯಬೇಕೆಂಬ ನಿಯಮವಿಲ್ಲ. ಟೆರಿಪ್ಯಾರಟೈಡ್ ಕಟ್ಟುವವರನ್ನು ಹುರಿದುಂಬಿಸುವ ಔಷಧಿ. ಅದರಲ್ಲಿ ತಿಂಗಳೊಳಗೆ ಪಿ1ಎನ್‌ಪಿ ಏರುವುದು ಕಾಣುತ್ತದೆ, ಸಿಟಿಎಕ್ಸ್ ಅದರ ಹಿಂದೆ ತಡವಾಗಿ ಏರುತ್ತದೆ. ಆ ಏರಿಕೆಯನ್ನು ನೋಡಿ ರೋಗ ಉಲ್ಬಣಿಸಿತೆಂದು ಗಾಬರಿಯಾದವರನ್ನು ನಾನು ಕಂಡಿದ್ದೇನೆ.

ದಂತವೈದ್ಯೆ:
ಸರ್, ಇಂಥ ಔಷಧಿ ತೆಗೆದುಕೊಳ್ಳುವವರ ಹಲ್ಲು ಕೀಳುವ ಮೊದಲು ಸಿಟಿಎಕ್ಸ್ 150 ಪಿಕೊಗ್ರಾಂಗಿಂತ (ಅಂದರೆ 0.15 ನ್ಯಾನೊಗ್ರಾಂಗಿಂತ) ಕಡಿಮೆಯಿದ್ದರೆ ನಮ್ಮ ಕ್ಷೇತ್ರದಲ್ಲಿ ದವಡೆ ಮೂಳೆ ಸಾಯುವ ಅಪಾಯ ಹೆಚ್ಚು ಎಂಬ ಮಾತು ಬಹಳ ದಿನಗಳಿಂದ ಓಡಾಡುತ್ತಿದೆ. ರೋಗಿಗಳು ಅದೇ ವರದಿ ಹಿಡಿದು ಬರುತ್ತಾರೆ.

ಅಂತಃಸ್ರಾವ ತಜ್ಞ:
ಆ ಗಡಿಯನ್ನು ಮುಂದಿಟ್ಟದ್ದು ನಿಜ, ಆದರೆ ನಂತರದ ಅಧ್ಯಯನಗಳಿಂದ ಅದಕ್ಕೆ ಭದ್ರವಾದ ಬೆಂಬಲ ಸಿಗಲಿಲ್ಲ. ಔಷಧಿ ಸರಿಯಾಗಿ ಕೆಲಸ ಮಾಡುತ್ತಿರುವ ಎಷ್ಟೋ ಮಂದಿಯಲ್ಲಿ ಸಿಟಿಎಕ್ಸ್ ಅದಕ್ಕಿಂತ ಕೆಳಗೇ ಇರುತ್ತದೆ, ಅವರ ದವಡೆಗೆ ಏನೂ ಆಗುವುದಿಲ್ಲ. ಆ ಒಂದು ಸಂಖ್ಯೆಯ ಮೇಲೆ ನಿರ್ಧಾರ ಮಾಡುವುದು ಬೇಡ.

ಪ್ರಶ್ನೆ ಕೇಳಿದ ಮಗಳು, ಹನ್ನೆರಡು ದಿನಗಳ ನಂತರ:
ನೀವೆಲ್ಲ ಹೇಳಿದಂತೆ ಬೆಳಿಗ್ಗೆ ಎಂಟಕ್ಕೆ, ಉಪವಾಸದಲ್ಲಿ ರಕ್ತ ಕೊಡಿಸಿದೆ. ಸಿಟಿಎಕ್ಸ್ 0.63. ಪಿ1ಎನ್‌ಪಿ 66. ಎಂದರೆ ಮೂರು ತಿಂಗಳ ಮಾತ್ರೆಯಿಂದ ಏನೂ ಆಗಿಲ್ಲ. ವೈದ್ಯರು ಔಷಧಿ ಬದಲಿಸುವ ಮೊದಲು ಅಮ್ಮನನ್ನು ಕೂರಿಸಿಕೊಂಡು, ಮಾತ್ರೆಯನ್ನು ಹೇಗೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರು. ಪ್ರತಿ ಭಾನುವಾರ ತಿಂಡಿಯಾದ ಕೂಡಲೇ ಅಲೆಂಡ್ರೊನೇಟ್ ಮತ್ತು ಕ್ಯಾಲ್ಸಿಯಂ ಎರಡನ್ನೂ ಒಟ್ಟಿಗೆ ನುಂಗುತ್ತಿದ್ದರಂತೆ. ಮರೆತುಹೋಗದಿರಲಿ ಎಂದು ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿಟ್ಟಿದ್ದು ನಾನೇ. ಅದನ್ನು ಕೇಳಿದಾಗ ನನಗೆ ಬಹಳ ಸಂಕಟವಾಯಿತು.

ಅಂತಃಸ್ರಾವ ತಜ್ಞ:
ಸಂಕಟಪಡಬೇಡಿ ಅಮ್ಮಾ, ಇದು ಅತ್ಯಂತ ಸಾಮಾನ್ಯವಾಗಿ ಆಗುವ ತಪ್ಪು. ಅಲೆಂಡ್ರೊನೇಟ್ ಖಾಲಿ ಹೊಟ್ಟೆಯಲ್ಲಿ ನುಂಗಿದರೂ ಕರುಳು ಹೀರಿಕೊಳ್ಳುವುದು ಶೇ. 1ಕ್ಕಿಂತ ಕಡಿಮೆ. ಆಹಾರ ಅಥವಾ ಕ್ಯಾಲ್ಸಿಯಂ ಜೊತೆ ಸೇರಿದರೆ ಅದಕ್ಕೇ ಅಂಟಿಕೊಂಡು ಹೆಚ್ಚುಕಡಿಮೆ ಪೂರ್ತಿಯಾಗಿ ಹೊರಟುಹೋಗುತ್ತದೆ. ಬೆಳಿಗ್ಗೆ ಎದ್ದೊಡನೆ ಒಂದು ತುಂಬಿದ ಲೋಟ ಬರೀ ನೀರಿನೊಂದಿಗೆ ನುಂಗಬೇಕು. ಆಮೇಲೆ ಕನಿಷ್ಠ ಅರ್ಧ ಗಂಟೆ ಏನನ್ನೂ ತಿನ್ನದೆ, ಕುಡಿಯದೆ, ಮಲಗದೆ ಕೂತಿರಬೇಕು ಅಥವಾ ಓಡಾಡಬೇಕು, ಇಲ್ಲವಾದರೆ ಅನ್ನನಾಳಕ್ಕೆ ಗಾಯವಾಗಬಹುದು. ಕ್ಯಾಲ್ಸಿಯಂ ಮಾತ್ರೆ ಆ ದಿನ ಮಧ್ಯಾಹ್ನಕ್ಕಿರಲಿ. ಪರೀಕ್ಷೆಯನ್ನು ಸರಿಯಾದ ಹೊತ್ತಿಗೆ ಮಾಡಿಸಿದ್ದರಿಂದಲೇ ಇದು ಬೆಳಕಿಗೆ ಬಂತು, ಇಲ್ಲವಾದರೆ 0.49 ನೋಡಿ ಇನ್ನೆರಡು ವರ್ಷ ಕಳೆದು ಡೆಕ್ಸಾದಲ್ಲಿ ತಿಳಿಯುತ್ತಿತ್ತು. ಹೀಗೆ ಮೂರು ತಿಂಗಳು ತೆಗೆದುಕೊಂಡು ಅದೇ ಹೊತ್ತಿಗೆ ಮತ್ತೆ ನೋಡಿ. ಮೂಳೆ ಮುರಿದ ನಂತರದ ತಿಂಗಳುಗಳಲ್ಲಿ ಗಾಯ ಕೂಡಿಕೊಳ್ಳುವ ಕೆಲಸದಿಂದಲೂ ಈ ಸೂಚಕಗಳು ಏರಿರುತ್ತವೆ, ಆದ್ದರಿಂದ ನಿಮ್ಮ ಮೊದಲ 0.68ರಲ್ಲಿ ಮಣಿಕಟ್ಟಿನ ಪಾಲೂ ಸ್ವಲ್ಪ ಇದ್ದೀತು ಎಂಬುದನ್ನು ನಿಮ್ಮ ವೈದ್ಯರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಪ್ರಶ್ನೆ ಕೇಳಿದ ಮಗಳು, ಮೂರೂವರೆ ತಿಂಗಳ ನಂತರ:
ಇಂದಿನ ವರದಿ ಬಂತು. ಬೆಳಿಗ್ಗೆ ಎಂಟಕ್ಕೆ, ಉಪವಾಸದಲ್ಲಿ, ಅದೇ ಪ್ರಯೋಗಾಲಯದಲ್ಲಿ. ಸಿಟಿಎಕ್ಸ್ 0.21, ಪಿ1ಎನ್‌ಪಿ 27. ಅಮ್ಮ ಭಾನುವಾರ ಬೆಳಿಗ್ಗೆ ಮಾತ್ರೆ ನುಂಗಿ, ಗಡಿಯಾರದ ಎದುರಿಗೇ ಕುರ್ಚಿ ಹಾಕಿಕೊಂಡು ಅರ್ಧ ಗಂಟೆ ಕೂರುತ್ತಾರೆ. ಎರಡು ಮಾತ್ರೆಗಳಿಗೆ ಈಗ ಎರಡು ಡಬ್ಬಿ. ಈ ಸಂಖ್ಯೆಗಳನ್ನು ನೋಡಿದ ಸೋದರಮಾವ ಈ ಬಾರಿ ಮಾತ್ರೆ ನಿಲ್ಲಿಸಿ ಎನ್ನಲಿಲ್ಲ, ಎಷ್ಟು ದಿನ ಮುಂದುವರಿಸಬೇಕು ಎಂದು ಕೇಳಿದರು.

ಅಂತಃಸ್ರಾವ ತಜ್ಞ:
ಬಹಳ ಸಂತೋಷ. ಸಿಟಿಎಕ್ಸ್ ಮೂರನೇ ಎರಡು ಭಾಗ ಇಳಿದಿದೆ, ಪಿ1ಎನ್‌ಪಿ ಅರ್ಧಕ್ಕಿಂತ ಹೆಚ್ಚು ಇಳಿದಿದೆ. ಎರಡೂ ಗುರಿಯ ಕೆಳಗಿವೆ, ಔಷಧಿ ಮೂಳೆಗೆ ಮುಟ್ಟುತ್ತಿದೆ. ಬಾಯಿಯ ಮೂಲಕ ಕೊಡುವ ಬಿಸ್ಫಾಸ್ಫೊನೇಟ್ ಆದರೆ ಸಾಮಾನ್ಯವಾಗಿ ಐದು ವರ್ಷಗಳ ನಂತರ, ಅಷ್ಟರಲ್ಲಿ ಹೊಸ ಮುರಿತ ಆಗಿದೆಯೇ, ತೊಡೆಮೂಳೆಯ ಟಿ-ಸ್ಕೋರ್ ಎಷ್ಟಿದೆ ಎಂದು ನೋಡಿ, ಬಿಡುವು ಕೊಡಬಹುದೇ ಎಂದು ಯೋಚಿಸುತ್ತೇವೆ. ಮುಂದಿನ ಡೆಕ್ಸಾ ಸ್ಕ್ಯಾನನ್ನು ಮೊದಲು ಮಾಡಿಸಿದ ಯಂತ್ರದಲ್ಲೇ ಮಾಡಿಸಿ. ಬರುವ ವರ್ಷ ಸಿಟಿಎಕ್ಸ್ ಇದ್ದಕ್ಕಿದ್ದಂತೆ ಮೇಲಕ್ಕೆ ಹೋದರೆ, ಮೊದಲು ಡಬ್ಬಿ ತೆರೆದು ಮಾತ್ರೆಗಳನ್ನು ಎಣಿಸಿ, ಆಮೇಲೆ ವೈದ್ಯರಿಗೆ ಫೋನ್ ಮಾಡಿ.